ನಿಂತ ಕಾರಿನ ನಿಶ್ಶಬ್ದವನ್ನು ನಂಬಬೇಡಿ

"ಸ್ಟಾರ್ಟ್ ಆಗಿರೋದೇ ಗೊತ್ತಾಗಲ್ಲ ನೋಡಣ್ಣ!"

ಹಳೇ ಕಾರು ಕೊಳ್ಳಲು ಹೋದವರಲ್ಲಿ ಈ ಮಾತು ಕೇಳದವರು ಅಪರೂಪ. ಬ್ರೋಕರ್ ಕೀ ತಿರುಗಿಸುತ್ತಾನೆ, ಬಾನೆಟ್ ಮೇಲೆ ನೀರಿನ ಬಾಟಲಿ ಇಡುತ್ತಾನೆ, ನೀರು ಅಲುಗದೇ ಇರುವುದನ್ನು ತೋರಿಸುತ್ತಾನೆ. ಜೊತೆಗೆ ಬಂದ ಭಾವಮೈದ ತಲೆದೂಗುತ್ತಾನೆ. ಅಲ್ಲಿಗೆ ವ್ಯಾಪಾರ ಕುದುರಿತು. ಬೀಚನಹಳ್ಳಿ, ಸರಗೂರು, ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಕಡೆಯ ಎಷ್ಟೋ ಮನೆಗಳಿಗೆ ಈಗ ಬೆಂಗಳೂರಿನ ಓಡಾಟ ತಪ್ಪಿದ್ದಲ್ಲ. ಮಕ್ಕಳು ಅಲ್ಲಿದ್ದಾರೆ, ಅಪ್ಪನಿಗೆ ತೋರಿಸುವ ಆಸ್ಪತ್ರೆ ಅಲ್ಲಿದೆ. ತಂಬಾಕು ಹರಾಜಿನ ದುಡ್ಡು ಕೈಗೆ ಬಂದ ಮೇಲೆ, ಆರಾಮಾಗಿ ಸದ್ದಿಲ್ಲದೆ ಹೋಗುವ ಗಾಡಿ ಬೇಕು ಎಂದು ಮೈಸೂರಿಗೆ ಹೊರಡುತ್ತಾರೆ. ಹೋಗಿ, ನಿಂತಲ್ಲೇ ನಿಂತ ಕಾರಿನ ಸದ್ದು ಕೇಳಿ ನಾಲ್ಕೈದು ಲಕ್ಷ ಎಣಿಸಿ ಬರುತ್ತಾರೆ. ಮೊದಲ ಸಲ ಬೆಂಗಳೂರಿಗೆ ಹೋಗುವಾಗ ಮದ್ದೂರು ದಾಟುವಷ್ಟರಲ್ಲಿ ಹಿಂದೆ ಕೂತ ತಾಯಿಗೆ ಮುಂದಿನವರ ಮಾತು ಕೇಳಿಸದು, ಇಳಿದ ಮೇಲೂ ತಲೆ ಧಿಂ ಎನ್ನುತ್ತಿರುತ್ತದೆ. ಇದನ್ನು ನೋಡಿ ನೋಡಿ ನನಗೆ ರೋಸಿಹೋಗಿದೆ.

ಇಂಜಿನ್ ಸದ್ದಿಲ್ಲದಿದ್ದರೆ ಕಾರಿಗೇ ಸದ್ದಿಲ್ಲ ಎನ್ನುವುದು ತಪ್ಪು. ನಿಂತ ಕಾರಿನ ಇಂಜಿನ್ ನಿಮಿಷಕ್ಕೆ 700–800 ಸುತ್ತು ತಿರುಗುತ್ತಿರುತ್ತದೆ. ಅದೇ ಕಾರು, ಐದು ಗೇರಿನ ಸಣ್ಣ ಪೆಟ್ರೋಲ್ ಕಾರಾದರೆ, ಗಂಟೆಗೆ 100 ಕಿ.ಮೀ. ವೇಗದಲ್ಲಿ 3000 ಸುತ್ತಿನ ಹತ್ತಿರ ಇರುತ್ತದೆ. ಇಂಜಿನ್ನಿನ ಸದ್ದೇ ಬೇರೆ ಆಗಿಹೋಯಿತು. ಆದರೆ ಅಷ್ಟು ಹೊತ್ತಿಗೆ ಇಂಜಿನ್ ಮುಖ್ಯವೂ ಅಲ್ಲ. ಒಂದೇ ವೇಗದಲ್ಲಿ ಓಡುತ್ತಿರುವ ಕಾರಿನಲ್ಲಿ 40–50 ಕಿ.ಮೀ. ದಾಟಿದ ಮೇಲೆ ಟೈರು ರಸ್ತೆಗೆ ಉಜ್ಜುವ ಸದ್ದು ಇಂಜಿನ್ ಸದ್ದನ್ನು ಮೀರಿಸುತ್ತದೆ. ಇನ್ನೂ ಮೇಲೆ ಹೋದರೆ ಗಾಳಿ ಬಂದು ಸೇರಿಕೊಳ್ಳುತ್ತದೆ. ಗಾಳಿಯ ಸದ್ದು ಏರುವ ಲೆಕ್ಕ ಭಯಂಕರ: ವೇಗ ಎರಡು ಪಟ್ಟಾದರೆ ಸದ್ದಿನ ಶಕ್ತಿ ಹೆಚ್ಚುಕಡಿಮೆ 64 ಪಟ್ಟಾಗುತ್ತದೆ, ಅಂದರೆ ಸುಮಾರು 18 ಡೆಸಿಬೆಲ್ ಏರಿಕೆ. ಕಿವಿಗೆ ಅದು ಮೂರು ಪಟ್ಟಿಗೂ ಹೆಚ್ಚು ಜೋರು. ಐವತ್ತರಲ್ಲಿ ಗಮನಕ್ಕೇ ಬಾರದ ಸೀಟಿ ನೂರರಲ್ಲಿ ಕಿವಿಯೊಳಗೇ ಊದಿದ ಹಾಗಾಗುತ್ತದೆ. ಯಾರ್ಡಿನಲ್ಲಿ ನಿಂತ ಕಾರಿನಲ್ಲಿ ಟೈರೂ ಉರುಳುತ್ತಿಲ್ಲ, ಗಾಳಿಯೂ ಬೀಸುತ್ತಿಲ್ಲ. ಮತ್ತೆ ಅಲ್ಲಿ ಪರೀಕ್ಷೆ ಮಾಡಿದ್ದು ಏನನ್ನು?

ಈ ನಂಬಿಕೆ ಎಲ್ಲಿಂದ ಬಂತೆಂಬುದು ಅರ್ಥವಾಗುತ್ತದೆ. ಅಂಬಾಸಿಡರ್, ಪದ್ಮಿನಿ, ಡೀಸೆಲ್ ಜೀಪುಗಳ ಕಾಲದಲ್ಲಿ ಇಂಜಿನ್ನಿನ ಗಲಾಟೆ ಉಳಿದೆಲ್ಲವನ್ನೂ ಮುಚ್ಚಿಹಾಕುತ್ತಿತ್ತು. ಹಳೆಯ ಬೆಂಗಳೂರು ರಸ್ತೆಯೂ ಹಾಗೇ ಇತ್ತು. ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ, ಎಲ್ಲ ಊರಿನ ಒಳಗೇ ನುಗ್ಗಿ ಬರಬೇಕಿತ್ತು. ಗೇರು ಬದಲಿಸುತ್ತ, ಬ್ರೇಕು ಒತ್ತುತ್ತ, ಐವತ್ತು ಅರವತ್ತರ ಆಚೀಚೆ ಓಡುವ ದಾರಿಯಲ್ಲಿ ಇಂಜಿನ್ ನಯವಾಗಿದ್ದರೆ ಗಾಡಿ ನಯ ಎನ್ನುವುದರಲ್ಲಿ ಸ್ವಲ್ಪ ನಿಜವಿತ್ತು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ, ಸುಮಾರು 118 ಕಿ.ಮೀ. ಉದ್ದದ ಎಕ್ಸ್‌ಪ್ರೆಸ್‌ವೇ ಆ ಊರುಗಳನ್ನೆಲ್ಲ ಬೈಪಾಸಿನಿಂದ ದಾಟಿಸಿಬಿಟ್ಟಿದೆ. ಅಲ್ಲಿ ವೇಗದ ಮಿತಿಯೇ 100. ಒಂದೂವರೆ ಗಂಟೆ ಒಂದೇ ವೇಗ, ಒಂದೇ ಗೇರು, ಒಂದೇ ಗುಂಯ್‌ಗುಡುವಿಕೆ. ರಸ್ತೆ ಬದಲಾಯಿತು, ನಮ್ಮ ಪರೀಕ್ಷೆ ಬದಲಾಗಲಿಲ್ಲ.

ಚುಂಚನಕಟ್ಟೆ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಗೂಟಕ್ಕೆ ಕಟ್ಟಿದ ಎತ್ತನ್ನು ನೋಡಿ ದುಡ್ಡು ಕೊಡುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಬಿಚ್ಚಿಸಿ ನಡೆಸುತ್ತಾನೆ, ಕಾಲು ಹಾಕುವ ಬಗೆ ನೋಡುತ್ತಾನೆ. ಅದೇ ರೈತ ಎತ್ತಿಗಿಂತ ಹಲವು ಪಟ್ಟು ಬೆಲೆಯ ಕಾರನ್ನು ಗೂಟದಲ್ಲೇ ನೋಡಿ ಕೊಂಡು ಬರುತ್ತಾನಲ್ಲ ಎನ್ನುವುದೇ ನನ್ನ ಸಂಕಟ.

ಇನ್ನೊಂದು ಮಾತು. ನಿಂತ ಇಂಜಿನ್ನಿನ ನಿಶ್ಶಬ್ದವನ್ನು ಬೇಕೆಂದೇ ತಯಾರಿಸಬಹುದು. ದಪ್ಪ ಆಯಿಲ್ ಸುರಿದರೆ ಟ್ಯಾಪೆಟ್ಟಿನ ಟಿಕ್‌ಟಿಕ್ ಕೆಲವು ದಿನ ಅಡಗುತ್ತದೆ. ನೀವು ಬರುವ ಮೊದಲೇ ಒಂದು ಸುತ್ತು ಓಡಿಸಿ ಬಿಸಿ ಮಾಡಿಟ್ಟರೆ ಬೆಳಗಿನ ತಣ್ಣನೆಯ ಸ್ಟಾರ್ಟಿನ ಕರ್ಕಶ ನಿಮಗೆ ಕೇಳುವುದೇ ಇಲ್ಲ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬಿಸಿಯಾಗಿದ್ದರೆ, ಇನ್ನೊಂದು ದಿನ ಬೆಳಿಗ್ಗೆ ಬರುತ್ತೇನೆ, ಸ್ಟಾರ್ಟ್ ಮಾಡದೆ ಇಟ್ಟಿರಿ ಎಂದು ಹೇಳಿ ಬನ್ನಿ.

ಕೇಳಬೇಕಾದದ್ದು ರಸ್ತೆಯ ಮೇಲೆ. ಮೈಸೂರಿನ ಮಣಿಪಾಲ್ ಆಸ್ಪತ್ರೆ ಜಂಕ್ಷನ್ನಿನಿಂದ ಶ್ರೀರಂಗಪಟ್ಟಣದ ಬೈಪಾಸ್ ಹಿಡಿದು ಹೋಗಿ. ಗಣಂಗೂರಿನ ಟೋಲ್ ದುಡ್ಡು ನಿಮ್ಮ ಕೈಯಿಂದಲೇ ಹೋದರೂ ನಷ್ಟವಿಲ್ಲ. ಗಾಜು ಏರಿಸಿ, ಹಾಡು ನಿಲ್ಲಿಸಿ, ಎಸಿ ಫ್ಯಾನ್ ಕೂಡ ಆರಿಸಿ. ಬ್ರೋಕರ್‌ಗೆ ಸುಮ್ಮನಿರಲು ಹೇಳಿ. ಅವನು ಮಾತಾಡುತ್ತಲೇ ಇರುವುದಕ್ಕೂ, ಹಾಡು ಹಾಕಿ "ಸೌಂಡ್ ಸಿಸ್ಟಂ ನೋಡಿ" ಎನ್ನುವುದಕ್ಕೂ ಕಾರಣವಿದೆ. 80ರಿಂದ 100ರ ನಡುವೆ ನೇರ ರಸ್ತೆಯಲ್ಲಿ ಓಡಿಸುತ್ತ ಕಿವಿಗೊಡಿ. ಗುಂಯ್ ಎನ್ನುವ ಸದ್ದು ರಸ್ತೆಯ ಮೇಲ್ಮೈ ಬದಲಾದ ಕೂಡಲೇ ಬದಲಾದರೆ ಅದು ಟೈರು. ರಸ್ತೆ ಹೇಗಿದ್ದರೂ ಅದೇ ಗುಂಯ್‌ಗಾಟವಿದ್ದು, ಲೇನ್ ಬದಲಿಸಲು ಸ್ಟೇರಿಂಗ್ ತಿರುಗಿಸಿದಾಗ ಒಂದು ಕಡೆ ಜೋರಾಗಿ ಇನ್ನೊಂದು ಕಡೆ ತಗ್ಗಿದರೆ ಚಕ್ರದ ಬೇರಿಂಗ್ ಹೋಗಿದೆ. ಆಕ್ಸಿಲರೇಟರಿನಿಂದ ಕಾಲು ತೆಗೆದ ತಕ್ಷಣ ಬದಲಾಗುವ ಸದ್ದು ಇಂಜಿನ್ ಅಥವಾ ಗೇರ್‌ಬಾಕ್ಸಿನದು. ಸಣ್ಣ ಸೀಟಿಯಂಥ ಸದ್ದು ಬಂದರೆ ಬಾಗಿಲಿನ ಬೀಡಿಂಗ್ ರಬ್ಬರ್ ಗಟ್ಟಿಯಾಗಿದೆ, ಇಲ್ಲವೇ ಅಪಘಾತದಲ್ಲಿ ಬಾಗಿಲು ಬಿಚ್ಚಿ ಕೂರಿಸಿದ್ದಾರೆ. ಬಾಗಿಲಿನಲ್ಲಿ ಕಾಗದದ ಪಟ್ಟಿ ಸಿಕ್ಕಿಸಿ ಮುಚ್ಚಿ ಎಳೆದು ನೋಡಿ, ಸಲೀಸಾಗಿ ಬಂದರೆ ಗಾಳಿಯೂ ಅಲ್ಲಿಂದಲೇ ಬರುತ್ತದೆ. ಮೇಲ್ಸೇತುವೆಗಳ ಎಕ್ಸ್‌ಪಾನ್ಷನ್ ಜಾಯಿಂಟ್ ದಾಟುವಾಗ "ದಪ್" ಎಂದು ಒಂದೇ ಸಲ ಕೇಳಬೇಕು. ದಪ್ ಆದ ಮೇಲೆ ಕಟಕಟ ಎಂದರೆ ಬುಷ್, ಲಿಂಕ್ ರಾಡ್, ಶಾಕ್ ಅಬ್ಸಾರ್ಬರ್ ಇವುಗಳಲ್ಲಿ ಯಾವುದೋ ಸವೆದಿದೆ.

ಇವೆಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಟೈರು. ಎಲ್ಲಕ್ಕಿಂತ ಕಡಿಮೆ ನೋಡುವುದೂ ಅದನ್ನೇ. ಮೇಟಗಳ್ಳಿಯ ವಿಕ್ರಾಂತ್ ಕಾರ್ಖಾನೆಯಿಂದಾಗಿ ತಲೆಮಾರುಗಳ ಕಾಲ ಟೈರು ಮಾಡಿದ ಊರು ಮೈಸೂರು. ಆ ಮೈಸೂರಿನ ಸುತ್ತಲಿನವರೇ ಟೈರನ್ನು ಬರೀ ಗೀರಿನ ಆಳ ನೋಡಿ "ಇನ್ನೂ ಎಂಬತ್ತು ಪರ್ಸೆಂಟ್ ಇದೆ" ಎನ್ನುತ್ತಾರೆ. ಗೀರು ಇದ್ದರೆ ಸಾಲದು, ರಬ್ಬರ್ ಮೆತ್ತಗಿರಬೇಕು. ಟೈರಿನ ಪಕ್ಕದಲ್ಲಿ ಡಾಟ್ (DOT) ಎಂಬ ಗುರುತಿನ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಆರು ವರ್ಷ ಬಿಸಿಲಲ್ಲಿ ನಿಂತ ಟೈರಿನ ರಬ್ಬರ್ ಗಟ್ಟಿಯಾಗಿ, ಸದ್ದು ಜಾಸ್ತಿಯಾಗಿ, ಮಳೆಯಲ್ಲಿ ಹಿಡಿತವೂ ತಪ್ಪುತ್ತದೆ. ಅಂಗೈಯನ್ನು ಗೀರುಗಳ ಮೇಲೆ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಸವರಿ. ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದರಲ್ಲಿ ಗರಗಸದ ಹಲ್ಲು ತಾಗಿದಂತಿದ್ದರೆ ಅಲೈನ್‌ಮೆಂಟ್ ತಪ್ಪಿಯೋ ಶಾಕ್ ಅಬ್ಸಾರ್ಬರ್ ಸತ್ತೋ ಟೈರು ಮೆಟ್ಟಿಲು ಮೆಟ್ಟಿಲಾಗಿ ಸವೆದಿದೆ. ಆ ಗುಂಯ್‌ಗಾಟ ಇನ್ನು ಟೈರು ಬದಲಿಸುವ ತನಕ ಹೋಗುವುದಿಲ್ಲ. ಹಿಂದಿನ ಓನರ್ ಚೆಂದಕ್ಕೆಂದು ಎರಡಿಂಚು ದೊಡ್ಡ ಅಲಾಯ್ ವೀಲ್, ಅಗಲದ ಟೈರ್ ಹಾಕಿಸಿದ್ದರೆ ಅದು ಬೆಲೆ ಹೆಚ್ಚಿಸುವ ಸಂಗತಿಯಲ್ಲ. ಟೈರಿನ ಪಕ್ಕದ ಗೋಡೆ ಗಿಡ್ಡವಾದಷ್ಟೂ ಗುಂಡಿಯ ಏಟು ನೇರ ಬೆನ್ನಿಗೆ, ಅಗಲವಾದಷ್ಟೂ ಸದ್ದು ಒಳಕ್ಕೆ.

ಎರಡನೆಯ ನಂಬಿಕೆ: "ದೂರಕ್ಕೆ ಹೋಗೋಕೆ ಭಾರಿ ಗಾಡಿನೇ ಬೇಕು, ಎತ್ತರವಾಗಿರಬೇಕು." ಹೊಲದ ದಾರಿಗೆ, ಕೆಸರಿಗೆ, ಹತ್ತು ಜನ ಹತ್ತುವ ಮದುವೆಗೆ ಬೊಲೆರೊ ಒಳ್ಳೆಯ ಗಾಡಿ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಹಿಂದಿನ ಚಕ್ರಕ್ಕೆ ಪಟ್ಟೆ ಸ್ಪ್ರಿಂಗ್ ಇರುವ, ಚಾಸಿ ಮೇಲೆ ಬಾಡಿ ಕೂರಿಸಿದ, ಗಾಳಿಗೆ ಗೋಡೆಯಂತೆ ಎದುರು ನಿಲ್ಲುವ ಗಾಡಿ ನೂರರಲ್ಲಿ ನಿಶ್ಶಬ್ದವಾಗಿರಲು ಸಾಧ್ಯವೇ ಇಲ್ಲ. ಭಾರ ಹೊರಲೆಂದು ಮಾಡಿದ ಸ್ಪ್ರಿಂಗು ಇಬ್ಬರೇ ಕೂತಾಗ ಕುಣಿಸುತ್ತದೆ, ಎತ್ತರದ ಬಾಡಿ ಲೇನ್ ಬದಲಿಸಿದಾಗ ತೂಗುತ್ತದೆ. ತಗ್ಗಾಗಿ, ಉದ್ದವಾಗಿ, ಇಳಿಜಾರು ಗಾಜಿರುವ ಸೆಡಾನ್ ಗಾಳಿಯನ್ನು ಸೀಳಿ ಹೋಗುತ್ತದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಅಂತರ ಹೆಚ್ಚಿದಷ್ಟೂ ಮುಂದೆ ಹಿಂದೆ ಓಲಾಡುವುದು ಕಡಿಮೆ. 2018ರ ಸ್ವಿಫ್ಟಿನಲ್ಲಿ ಆ ಅಂತರ 2450 ಮಿ.ಮೀ., ಸಿಯಾಜ್‌ನಲ್ಲಿ 2650, 2014ರ ನಂತರದ ಕೊರೊಲ್ಲಾ ಆಲ್ಟಿಸ್‌ನಲ್ಲಿ 2700. ಆ ಕೊರೊಲ್ಲಾ ತಯಾರಾದದ್ದು ಇದೇ ಹೆದ್ದಾರಿಯ ಪಕ್ಕದ ಬಿಡದಿಯಲ್ಲಿ. ಹೊಸದನ್ನು ಮಾರುವುದು ನಿಂತಿದೆ, ಬೇಡಿಕೆ ಸಣ್ಣ ಎಸ್‌ಯುವಿಗಳತ್ತ ಓಡಿದೆ, ಹಾಗಾಗಿ ಇಂಥ ಹಳೇ ಸೆಡಾನುಗಳು ಸಿಗುವ ಬೆಲೆಗೆ ಅವುಗಳಷ್ಟು ಆರಾಮ ಬೇರೆ ಯಾವುದೂ ಕೊಡದು. ಆಕ್ಟೇವಿಯಾ ಇನ್ನೂ ಚೆಂದ, ಆದರೆ ಅದರ ಡಿಎಸ್‌ಜಿ ಗೇರ್‌ಬಾಕ್ಸ್ ಕೆಟ್ಟರೆ ಲಕ್ಷದ ಮಾತು. ಹಂಪ್‌ಗೆ ಅಡಿ ತಾಗುವ ಹೆದರಿಕೆ ನಿಜವೇ. ಕೋಟೆಯಿಂದ ಅಂತರಸಂತೆ ಕಡೆಗೆ ಹೋಗುವವರಿಗೆ ಅದನ್ನು ವಿವರಿಸಬೇಕಿಲ್ಲ. ಐದು ಜನ ಕೂರಿಸಿಕೊಂಡೇ ಟೆಸ್ಟ್ ಡ್ರೈವ್ ಹೋಗಿ, ತಾಗುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

"ಹೈವೇಗೆ ಡೀಸೆಲ್ಲೇ." ವರ್ಷಕ್ಕೆ ತುಂಬಾ ಓಡುವವರಿಗೆ ಲೆಕ್ಕ ಸರಿಹೋಗಬಹುದು. ಬಿಎಸ್–6 ಡೀಸೆಲ್ ಕೊಂಡು ಊರಿಂದ ಕೋಟೆಗೆ, ಕೋಟೆಯಿಂದ ಊರಿಗೆ ಮಾತ್ರ ಓಡಿಸಿದರೆ ಹೊಗೆಯ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

"ನೈಟ್ರೋಜನ್ ಹಾಕಿಸಿದರೆ ಸದ್ದು ಕಮ್ಮಿ." ನೀವು ಉಸಿರಾಡುವ ಗಾಳಿಯಲ್ಲೇ ನೈಟ್ರೋಜನ್ 78 ಪರ್ಸೆಂಟ್ ಇದೆ.

"ಬಾಗಿಲಿಗೆ ಡ್ಯಾಂಪಿಂಗ್ ಶೀಟ್ ಅಂಟಿಸಿದರೆ ಎಲ್ಲಾ ಸರಿಹೋಗುತ್ತೆ." ಶೀಟು ತಗಡಿನ ನಡುಕವನ್ನು ತಡೆಯುತ್ತದೆ, ಸತ್ತ ಟೈರಿಗೂ ಹರಿದ ಬೀಡಿಂಗಿಗೂ ಅದು ಮದ್ದಲ್ಲ.

"ಕಿಲೋಮೀಟರ್ ಕಮ್ಮಿ ಓಡಿದೆ, ಹೊಸದರ ಹಾಗಿದೆ." ಡಿಜಿಟಲ್ ಮೀಟರನ್ನು ಹಿಂದಕ್ಕೆ ತಿರುಗಿಸುವುದು ಸುಲಭದ ಕೆಲಸ, ಸರ್ವೀಸ್ ದಾಖಲೆ ಕೇಳಿ. ಮೀಟರ್ ನಿಜವೇ ಆಗಿದ್ದರೂ, ಏಳೆಂಟು ವರ್ಷ ಶೆಡ್ಡಿನಲ್ಲಿ ನಿಂತ ಕಾರಿನ ಟೈರು, ಬುಷ್, ಬೀಡಿಂಗ್, ಇಂಜಿನ್ ಮೌಂಟಿಂಗ್ ಎಲ್ಲ ರಬ್ಬರೂ ಓಡದೆಯೇ ಮುದಿಯಾಗಿರುತ್ತದೆ. ಹೆದ್ದಾರಿಯಲ್ಲಿ ಲಕ್ಷ ಕಿ.ಮೀ. ಓಡಿ, ಹೊತ್ತುಹೊತ್ತಿಗೆ ಸರ್ವೀಸ್ ಕಂಡ ಕಾರು ಅದಕ್ಕಿಂತ ನಿಶ್ಶಬ್ದವಾಗಿರುವುದು ಸಾಧ್ಯ.

ಇಷ್ಟು ಹೇಳಿದರೂ "ಡಾಕ್ಟರ್ ಓಡಿಸಿದ ಗಾಡಿ ಸಾರ್, ಸಿಂಗಲ್ ಓನರ್" ಎಂಬ ಒಂದು ಮಾತು ಎಲ್ಲವನ್ನೂ ತೊಳೆದುಹಾಕುತ್ತದೆ. ಡಾಕ್ಟರ್ ಓಡಿಸಿದರೆ ಟೈರು ಗಟ್ಟಿಯಾಗುವುದಿಲ್ಲವೇ? ಗೊಬ್ಬರದ ಚೀಲದ ತೂಕ ಕಡಿಮೆ ಇದೆ ಎಂದು ಅಂಗಡಿಯವನ ಜೊತೆ ಜಗಳಕ್ಕಿಳಿಯುವ ಜನ, ಹರಾಜು ಕಟ್ಟೆಯಲ್ಲಿ ಒಂದು ರೂಪಾಯಿಗೆ ಪಟ್ಟು ಹಿಡಿಯುವ ಜನ, ಕಾರಿನ ಮುಂದೆ ಯಾಕೆ ಹೀಗೆ ಮಂಕಾಗುತ್ತಾರೆ? ಯಂತ್ರ ನಮಗೆ ಅರ್ಥವಾಗುವಂಥದ್ದಲ್ಲ, ಬಲ್ಲವರು ಹೇಳಿದ್ದೇ ಸರಿ ಎಂಬ ಅಂಜಿಕೆ. ಆ ಬಲ್ಲವನು ಸಾಮಾನ್ಯವಾಗಿ ಕಮಿಷನ್ ಪಡೆಯುವವನೇ ಆಗಿರುತ್ತಾನೆ. ಬೋರ್‌ವೆಲ್ ಪಾಯಿಂಟಿಗೆ ತೆಂಗಿನಕಾಯಿ ಹಿಡಿದು ನಡೆಯುವವನನ್ನು ನಂಬುವುದೂ, ಬಿತ್ತನೆ ಬೀಜದ ಪೊಟ್ಟಣದ ಮೇಲಿನ ಚಿತ್ರ ನಂಬುವುದೂ ಇದೇ ಅಂಜಿಕೆಯಿಂದ. ಕಿವಿ ಎಲ್ಲರಿಗೂ ಇದೆ. ಟೈರಿನ ನಾಲ್ಕು ಅಂಕಿ ಓದಲು ಇಂಜಿನಿಯರಿಂಗ್ ಬೇಕಿಲ್ಲ.

ಸದ್ದು ಕೇಳಿದ ಮಾತ್ರಕ್ಕೆ ಕಾರು ಬಿಟ್ಟು ಬರಬೇಕಾಗಿಯೂ ಇಲ್ಲ. ಟೈರು, ಬೇರಿಂಗ್, ಬೀಡಿಂಗ್, ಬುಷ್, ಇಂಜಿನ್ ಮೌಂಟಿಂಗ್ ಇವೆಲ್ಲ ಬದಲಿಸಬಹುದಾದವು. ಸೆಡಾನಿಗೆ ನಾಲ್ಕು ಒಳ್ಳೆಯ ಟೈರಿಗೆ 25,000 ರೂಪಾಯಿ ಆಸುಪಾಸು ಬೀಳುತ್ತದೆ, ಅದನ್ನು ಬೆಲೆಯಲ್ಲಿ ಮುರಿದು ಕೊಡಿ ಎಂದು ಕೂತು ಕೇಳಿ. ಬದಲಿಸಲಾಗದ್ದು ಕಾರಿನ ಆಕಾರ, ಚಾಸಿ, ಚಕ್ರಗಳ ಅಂತರ, ಅಪಘಾತದಲ್ಲಿ ಸೊಟ್ಟಗಾದ ಬಾಡಿ. ಸೀಟನ್ನೂ ಆ ಪಟ್ಟಿಗೇ ಸೇರಿಸಿಕೊಳ್ಳಿ. ಅರ್ಧ ಗಂಟೆ ಕೂತ ಮೇಲೆ ತೊಡೆಗೆ ಆಸರೆ ಸಾಲದು, ಸೊಂಟ ಹಿಡಿಯಿತು ಅನ್ನಿಸಿದರೆ ಆ ಕಾರು ನಿಮ್ಮದಲ್ಲ. ತಾಯಿಯನ್ನೂ ಜೊತೆಗೆ ಕರೆದೊಯ್ಯಿರಿ, ಹಿಂದಿನ ಸೀಟಿನಲ್ಲಿ ಕೂರಿಸಿ, ನೂರರ ವೇಗದಲ್ಲಿ ಮೆಲ್ಲಗೆ ಮಾತಾಡಿಸಿ, ಕೇಳಿಸಿತೇ ಎಂದು ವಿಚಾರಿಸಿ. ಹೈವೇಗೆ ಗಾಡಿ ಕೊಡಲ್ಲ, ಇಲ್ಲೇ ಒಂದು ರೌಂಡ್ ಹೊಡೀರಿ ಎನ್ನುವ ಯಾರ್ಡಿನಿಂದ ಅಡ್ವಾನ್ಸ್ ಕೊಡದೆ ಎದ್ದು ಬನ್ನಿ.