ಶರಾವತಿಯ ನೀರು, ಟರ್ಬೈನಿನ ಚಕ್ರ

ಜೋಗದಲ್ಲಿ 253 ಮೀಟರ್ ಎತ್ತರದಿಂದ ಧುಮುಕುವ ಶರಾವತಿಗೆ ಬೀಳುವಾಗ ಅಪಾರ ಶಕ್ತಿಯಿರುತ್ತದೆ. ಬಂಡೆಗೆ ಅಪ್ಪಳಿಸಿದ ಮೇಲೆ ಆ ಶಕ್ತಿ ಏನಾಗುತ್ತದೆ? ಒಂದಿಷ್ಟು ಸದ್ದಾಗುತ್ತದೆ, ಒಂದಿಷ್ಟು ಸುಳಿಯಾಗುತ್ತದೆ, ಕೊನೆಗೆ ಹೆಚ್ಚಿನದೆಲ್ಲ ಶಾಖವಾಗಿ ನೀರಿನಲ್ಲೇ ಉಳಿಯುತ್ತದೆ. ಲೆಕ್ಕದ ಪ್ರಕಾರ ಅಷ್ಟು ಎತ್ತರದಿಂದ ಬಿದ್ದ ನೀರಿನ ಉಷ್ಣತೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಏರಬಹುದು, ಅಷ್ಟೇ. ಅದೇ ನೀರನ್ನು ಉಕ್ಕಿನ ಕೊಳವೆಯಲ್ಲಿ ಇಳಿಸಿ ಒಂದು ಚಕ್ರಕ್ಕೆ ಹಾಯಿಸಿದರೆ ಊರೂರಿನ ದೀಪ ಉರಿಯುತ್ತದೆ. ಆ ಚಕ್ರವೇ ಟರ್ಬೈನು.

ಹರಿಯುವ ನೀರಿನಿಂದ ಚಕ್ರ ತಿರುಗಿಸಿ ಹಿಟ್ಟು ಬೀಸುವ ವಿದ್ಯೆ ಹಳೆಯದು. ಆದರೆ ಮರದ ಜಲಚಕ್ರ ನಿಧಾನವಾಗಿ ತಿರುಗುತ್ತಿತ್ತು, ನೀರಿನ ಶಕ್ತಿಯಲ್ಲಿ ಸಾಕಷ್ಟನ್ನು ಸೋರಿಹೋಗಲು ಬಿಡುತ್ತಿತ್ತು. ಫ್ರಾನ್ಸಿನ ಕ್ಲಾಡ್ ಬುರ್ಡಾಂ 1822ರಲ್ಲಿ ಸುಳಿ ಎಂಬರ್ಥದ ಲ್ಯಾಟಿನ್ ಪದದಿಂದ ‘ಟರ್ಬೈನ್’ ಎಂಬ ಹೆಸರನ್ನು ಸೃಷ್ಟಿಸಿದ. ಅವನ ಶಿಷ್ಯ ಬೆನ್ವಾ ಫೂರ್ನೆರಾನ್ 1827ರಲ್ಲಿ ಸುಮಾರು ಆರು ಅಶ್ವಶಕ್ತಿಯ ಯಂತ್ರವನ್ನು ಓಡಿಸಿ ತೋರಿಸಿದ.

ಈ ಯಂತ್ರದ ಕಷ್ಟವಿರುವುದು ಒಂದೇ ಪ್ರಶ್ನೆಯಲ್ಲಿ. ನೀರಿನ ಶಕ್ತಿಯೆಲ್ಲ ಚಕ್ರಕ್ಕೆ ಸಿಗಬೇಕಾದರೆ ನೀರು ತನ್ನ ವೇಗವನ್ನು ಅಲ್ಲೇ ಕಳೆದುಕೊಳ್ಳಬೇಕು. ಆದರೆ ನೀರು ಅಲ್ಲೇ ನಿಂತುಬಿಟ್ಟರೆ ಹಿಂದಿನಿಂದ ಬರುವ ನೀರಿಗೆ ಜಾಗವೆಲ್ಲಿ? ವೇಗವನ್ನು ಕಸಿದುಕೊಳ್ಳಬೇಕು, ಆದರೂ ನೀರು ದಾರಿ ಬಿಟ್ಟು ಹೊರಗೆ ಹೋಗಬೇಕು.

ಇದಕ್ಕೆ ಸೊಗಸಾದ ಉತ್ತರ ಸಿಕ್ಕಿದ್ದು ಅಮೆರಿಕದ ಕ್ಯಾಲಿಫೋರ್ನಿಯದ ಚಿನ್ನದ ಗಣಿಗಳಲ್ಲಿ. ಅಲ್ಲಿ ಬೆಟ್ಟದಿಂದ ಇಳಿಸಿದ ನೀರನ್ನು ಕಿರಿದಾದ ಮೂತಿಯಿಂದ ಚಕ್ರದ ಬಟ್ಟಲುಗಳಿಗೆ ಹೊಡೆಯುತ್ತಿದ್ದರು. ಬಟ್ಟಲಿಗೆ ಬಡಿದ ನೀರು ಮರಳಿ ಚಿಮ್ಮಿ ಬರುವ ಧಾರೆಗೇ ಅಡ್ಡಿಯಾಗುತ್ತಿತ್ತು. ಲೆಸ್ಟರ್ ಪೆಲ್ಟನ್ ಎಂಬಾತ ಬಟ್ಟಲಿನ ನಟ್ಟನಡುವೆ ಒಂದು ಏಣು ಇಟ್ಟ. ಧಾರೆ ಆ ಏಣಿನ ಮೇಲೆ ಬಿದ್ದು ಎರಡಾಗಿ ಸೀಳಿ, ಎರಡೂ ಬದಿಯ ಬೋಗುಣಿಗಳಲ್ಲಿ ಹೊರಳಿ, ಪಕ್ಕದಿಂದ ಹೊರಬಿತ್ತು. 1880ರಲ್ಲಿ ಅವನಿಗೆ ಇದರ ಪೇಟೆಂಟ್ ದೊರೆಯಿತು.

ಇಲ್ಲಿರುವ ಲೆಕ್ಕ ಸರಳ. ಧಾರೆ ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಬರುತ್ತದೆ ಎನ್ನೋಣ. ಬಟ್ಟಲು ಅದರ ಅರ್ಧದಷ್ಟು, ಅಂದರೆ 150 ಕಿಲೋಮೀಟರ್ ವೇಗದಲ್ಲಿ ಮುಂದಕ್ಕೆ ಓಡುತ್ತಿರಲಿ. ಬಟ್ಟಲಿನ ಮಟ್ಟಿಗೆ ನೀರು ಬಂದದ್ದು 150ರ ವೇಗದಲ್ಲಿ. ಹೊರಳಿ ಹಿಂದಕ್ಕೆ ಹೋಗುವುದೂ ಅದೇ ವೇಗದಲ್ಲಿ. ಆದರೆ ಬಟ್ಟಲೇ 150ರಲ್ಲಿ ಮುಂದೆ ಸಾಗುತ್ತಿದೆಯಲ್ಲ! ನೆಲದ ಮೇಲೆ ನಿಂತು ನೋಡುವವರಿಗೆ ನೀರು ಹೆಚ್ಚುಕಡಿಮೆ ನಿಂತಂತೆಯೇ ಕೆಳಗೆ ಬೀಳುತ್ತದೆ. ತನ್ನಲ್ಲಿದ್ದುದನ್ನೆಲ್ಲ ಕೊಟ್ಟು, ದಾರಿಯನ್ನೂ ಬಿಟ್ಟುಕೊಟ್ಟಿರುತ್ತದೆ. ದೊಡ್ಡ ಟರ್ಬೈನುಗಳು ನೀರಿನ ಶಕ್ತಿಯಲ್ಲಿ ಶೇಕಡ 90ರಷ್ಟನ್ನು ಹಿಡಿಯಬಲ್ಲುದು ಹೀಗೆ.

ಜೋಗದ ಬಳಿ 1948ರಲ್ಲಿ ಆರಂಭವಾದ, ಈಗ ಮಹಾತ್ಮ ಗಾಂಧಿ ಹೆಸರಿನ ವಿದ್ಯುದಾಗಾರದಲ್ಲಿಯೂ, 1964ರಲ್ಲಿ ಆರಂಭವಾದ ಶರಾವತಿ ವಿದ್ಯುದಾಗಾರದಲ್ಲಿಯೂ ತಿರುಗುವುದು ಪೆಲ್ಟನ್ ಚಕ್ರಗಳೇ. ಎರಡನೆಯದರಲ್ಲಿ ನೀರು 400 ಮೀಟರಿಗೂ ಹೆಚ್ಚು ಕೆಳಗಿಳಿಯುತ್ತದೆ. ಅಲ್ಲಿರುವ 10 ಯಂತ್ರಗಳ ಒಟ್ಟು ಸಾಮರ್ಥ್ಯ 1,035 ಮೆಗಾವಾಟ್.

ಎಲ್ಲ ಕಡೆಯೂ ಇಷ್ಟು ಎತ್ತರ ಸಿಗದು. ಸೆಕೆಂಡಿಗೆ ಒಂದು ಘನ ಮೀಟರ್ ನೀರು 400 ಮೀಟರ್ ಇಳಿದರೆ ಸುಮಾರು 3.5 ಮೆಗಾವಾಟ್ ವಿದ್ಯುತ್ ಪಡೆಯಬಹುದು. ಇಳಿಯುವುದು 25 ಮೀಟರ್ ಮಾತ್ರವಾದರೆ ಅಷ್ಟೇ ವಿದ್ಯುತ್ತಿಗೆ 16 ಪಟ್ಟು ನೀರು ಬೇಕು. ಅಷ್ಟೊಂದು ನೀರನ್ನು ಧಾರೆಯಾಗಿ ಚಿಮ್ಮಿಸಲು ಬಾರದು. ಆಗ ಚಕ್ರವನ್ನೇ ನೀರಿನಲ್ಲಿ ಮುಳುಗಿಸಬೇಕು. ಸುತ್ತಲಿನ ಬಸವನಹುಳುವಿನ ಚಿಪ್ಪಿನಾಕಾರದ ಕೊಳವೆಯಿಂದ ನೀರು ಸುತ್ತಿಕೊಂಡು ಬಂದು, ಅಲಗುಗಳ ನಡುವೆ ನುಗ್ಗಿ, ಅವುಗಳನ್ನು ಒತ್ತಡದಿಂದ ತಳ್ಳುತ್ತದೆ. ಅಮೆರಿಕದ ಲೋವೆಲ್ ಪಟ್ಟಣದಲ್ಲಿ ಜೇಮ್ಸ್ ಫ್ರಾನ್ಸಿಸ್ 1840ರ ದಶಕದ ಕೊನೆಯಲ್ಲಿ ಈ ಬಗೆಯನ್ನು ಹದಗೊಳಿಸಿದ. ಇನ್ನೂ ತಗ್ಗಿನ ಜಾಗಗಳಿಗೆಂದು ಆಸ್ಟ್ರಿಯದ ವಿಕ್ಟರ್ ಕಪ್ಲಾನ್ 1910ರ ದಶಕದಲ್ಲಿ ಹಡಗಿನ ಪ್ರೊಪೆಲ್ಲರನ್ನು ಹೋಲುವ ಚಕ್ರ ರೂಪಿಸಿದ. ನೀರು ಹೆಚ್ಚು ಕಡಿಮೆಯಾದಂತೆ ಅದರ ಅಲಗುಗಳು ಓರೆಯನ್ನು ಬದಲಿಸಿಕೊಳ್ಳುತ್ತವೆ. ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಅಣೆಕಟ್ಟೆಯ ಬುಡದಲ್ಲಿರುವುದು ಕಪ್ಲಾನ್ ಬಗೆ. ಈ ಎರಡರಲ್ಲೂ ಚಕ್ರದಿಂದ ಹೊರಬೀಳುವ ನೀರಿಗೆ ವೇಗ ಉಳಿದೇ ಇರುತ್ತದೆ. ಆದ್ದರಿಂದ ಕೆಳಗೆ ಅಗಲವಾಗುತ್ತ ಹೋಗುವ ಕೊಳವೆಯನ್ನು ಜೋಡಿಸುತ್ತಾರೆ. ಅದರಲ್ಲಿ ನೀರು ನಿಧಾನವಾಗುತ್ತ ಹೋದಂತೆ ಚಕ್ರದ ಕೆಳಗಿನ ಒತ್ತಡ ತಗ್ಗಿ, ಮೇಲಿನ ನೀರಿನ ತಳ್ಳು ಇನ್ನಷ್ಟು ಬಲಗೊಳ್ಳುತ್ತದೆ. ನೀರನ್ನು ಹೇಗೆ ಹೊರಗೆ ಬಿಡಬೇಕೆಂಬುದೇ ಇಲ್ಲಿಯೂ ಮುಖ್ಯ ಪ್ರಶ್ನೆ.

ಚಕ್ರದ ದಂಡಕ್ಕೆ ಜನರೇಟರ್ ಜೋಡಿಸಿದರೆ ಕೆಲಸ ಮುಗಿಯಲಿಲ್ಲ. ಸಂಜೆ ಊರಿನವರೆಲ್ಲ ದೀಪ ಹಾಕಿದೊಡನೆ ಜನರೇಟರಿನ ಮೇಲೆ ಹೊರೆ ಬಿದ್ದು ಚಕ್ರ ನಿಧಾನಗೊಳ್ಳಲು ನೋಡುತ್ತದೆ. ವಿದ್ಯುತ್ ಸೆಕೆಂಡಿಗೆ 50 ಆವರ್ತಗಳಲ್ಲೇ ಇರಬೇಕಾದ್ದರಿಂದ ಗವರ್ನರ್ ಎಂಬ ಸಾಧನ ಕೂಡಲೇ ನೀರನ್ನು ಹೆಚ್ಚಿಸುತ್ತದೆ. ಹೊರೆ ತಟ್ಟನೆ ಇಳಿದರೆ ಅಪಾಯ ಹೆಚ್ಚು. ಬೆಟ್ಟದಿಂದ ಇಳಿಯುತ್ತಿರುವ ನೀರನ್ನು ಒಮ್ಮೆಲೇ ತಡೆದರೆ ಕೊಳವೆಯೇ ಒಡೆದೀತು. ಹಾಗಾಗಿ ಪೆಲ್ಟನ್ ಯಂತ್ರದಲ್ಲಿ ಒಂದು ತಗಡು ಮೊದಲು ಧಾರೆಯನ್ನು ಬಟ್ಟಲುಗಳಿಂದ ಆಚೆ ತಿರುಗಿಸುತ್ತದೆ. ಮೂತಿ ಮುಚ್ಚಿಕೊಳ್ಳುವುದು ಆಮೇಲೆ, ನಿಧಾನವಾಗಿ.

ಉಗಿಗೂ ಗಾಳಿಗೂ ಇದೇ ನಿಯಮ. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಪಾರ್ಸನ್ಸ್ 1884ರಲ್ಲಿ ಉಗಿಯ ರಭಸವನ್ನು ಒಂದೇ ಚಕ್ರದಲ್ಲಿ ಹಿಡಿಯದೆ, ಸಾಲುಸಾಲು ಚಕ್ರಗಳಿಗೆ ಹಂಚಿದ. ಗಾಳಿಯದು ಇನ್ನೂ ಕಷ್ಟ. ಅದನ್ನು ಕೊಳವೆಯೊಳಗೆ ಹಿಡಿದಿಡಲಾಗದು. ತೀರಾ ತಡೆದರೆ ಅಲಗುಗಳನ್ನು ಬಳಸಿಕೊಂಡು ಪಕ್ಕಕ್ಕೆ ಸರಿದುಹೋಗುತ್ತದೆ. ಬೀಸುವ ಗಾಳಿಯ ಶಕ್ತಿಯಲ್ಲಿ ಶೇಕಡ 59.3ಕ್ಕಿಂತ ಹೆಚ್ಚನ್ನು ಅಂಥ ಯಂತ್ರ ಪಡೆಯಲಾರದೆಂದು ಜರ್ಮನಿಯ ಆಲ್ಬರ್ಟ್ ಬೆಟ್ಸ್ ಲೆಕ್ಕ ಹಾಕಿದ. ಚಿತ್ರದುರ್ಗದ, ಗದಗಿನ ಗುಡ್ಡಗಳ ಮೇಲೆ ತಿರುಗುವ ರೆಕ್ಕೆಗಳೂ ಆ ಮಿತಿಯೊಳಗೇ ಇವೆ.

ಟರ್ಬೈನು ನೀರನ್ನು ಖರ್ಚು ಮಾಡುವುದಿಲ್ಲ. ಶರಾವತಿ ವಿದ್ಯುದಾಗಾರದಿಂದ ಹೊರಬಿದ್ದ ನೀರೇ ಕೆಳಗೆ ಗೇರುಸೊಪ್ಪೆಯಲ್ಲಿ ಮತ್ತೆ ಫ್ರಾನ್ಸಿಸ್ ಚಕ್ರಗಳನ್ನು ತಿರುಗಿಸಿ 240 ಮೆಗಾವಾಟ್ ವರೆಗೆ ವಿದ್ಯುತ್ ಕೊಡಬಲ್ಲುದು. ಖರ್ಚಾಗುವುದು ನೀರಿನ ಎತ್ತರ. ಆ ಎತ್ತರವನ್ನು ಘಟ್ಟ ಪುಕ್ಕಟೆಯಾಗಿ ಕೊಟ್ಟಿದ್ದರೂ, ಮಳೆಗಾಲದ ನೀರನ್ನು ವರ್ಷವಿಡೀ ಆ ಎತ್ತರದಲ್ಲಿ ನಿಲ್ಲಿಸಿಕೊಳ್ಳಲು ಲಿಂಗನಮಕ್ಕಿಯ ಅಣೆಕಟ್ಟೆ ಬೇಕಾಯಿತು. ಅದರ ಹಿನ್ನೀರಿನಲ್ಲಿ ಸಾಗರ, ಹೊಸನಗರ ತಾಲ್ಲೂಕುಗಳ ಗದ್ದೆ, ತೋಟ, ಮನೆಗಳು ಮುಳುಗಿದವು. ಜನ ಊರು ಬಿಟ್ಟು ಹೊರಟರು. ಬೇಸಗೆಯಲ್ಲಿ ಜೋಗದ ಬಂಡೆ ಬರಿದಾಗಿ ಕಾಣುವುದೂ ಇದೇ ಕಾರಣಕ್ಕೆ. ಪೆಲ್ಟನ್ ಚಕ್ರ ನೂರರಲ್ಲಿ ತೊಂಬತ್ತನ್ನು ಹಿಡಿದು ಕೊಡುತ್ತದೆ. ಹಾಗೆ ಹಿಡಿದ ವಿದ್ಯುತ್ತು ಯಾರೂ ಇಲ್ಲದ ಕೋಣೆಯಲ್ಲಿ ಉರಿಯುವಾಗ ಸೋರಿಹೋಗುವುದು, ಆ ಜನ ತೆತ್ತ ಬೆಲೆಯಲ್ಲಿ ಒಂದು ಪಾಲು.