ಒಂದೇ ದ್ವೀಪ, ಎರಡು ಮಳೆಗಾಲ

ಪರಿಚಯದ ಕುಟುಂಬವೊಂದು ಜೂನ್ ತಿಂಗಳಲ್ಲಿ ಶ್ರೀಲಂಕಾಕ್ಕೆ ಹೋಗಿ ಬಂತು. ಆ ತಿಂಗಳು ಹೋಟೆಲ್ ಬಾಡಿಗೆ ಬಹಳ ಅಗ್ಗ ಎಂಬ ಏಜೆಂಟರ ಮಾತು ನಂಬಿ ಹೊರಟವರು. ದಕ್ಷಿಣದ ಹಿಕ್ಕಡುವದಲ್ಲಿ, ಕಡಲಿಗೆ ಮುಖಮಾಡಿದ ಕೋಣೆ ಹಿಡಿದು ಐದು ದಿನ ಇದ್ದರು. ಐದು ದಿನವೂ ಗಾಳಿ ಮಳೆ. ನೀರಿಗಿಳಿಯಬಾರದೆಂದು ದಡದಲ್ಲಿ ಕೆಂಪು ಬಾವುಟ. ಮಕ್ಕಳು ಕಿಟಕಿಯಿಂದಲೇ ಸಮುದ್ರ ನೋಡಿದರು. ಅಗ್ಗದ ಬಾಡಿಗೆಗೆ ಕಾರಣವೇನೆಂದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಆ ದಿನಗಳಲ್ಲಿ ದ್ವೀಪದ ಇನ್ನೊಂದು ಮಗ್ಗುಲಲ್ಲಿ ಬಿಸಿಲಿರುತ್ತದೆ, ಕಡಲು ಕೆರೆಯಂತೆ ಶಾಂತವಾಗಿರುತ್ತದೆ ಎಂಬುದು ತಿಳಿದದ್ದು ಮಾತ್ರ ಊರಿಗೆ ಮರಳಿದ ಮೇಲೆ.

ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ. ಹತ್ತಿರದ ದೇಶವೆಂದು ನಮ್ಮವರು ರಜೆ ಸಿಕ್ಕಾಗ ಹೊರಟುಬಿಡುತ್ತಾರೆ. ಶ್ರೀಲಂಕಾಕ್ಕೆ ಹೋಗಲು ಒಳ್ಳೆಯ ಕಾಲ ಯಾವುದು ಎಂದು ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಯಾವ ತಿಂಗಳಲ್ಲಿ ಯಾವ ದಿಕ್ಕಿಗೆ ಎಂದು ಕೇಳಬೇಕು.

ದ್ವೀಪದ ಅಗಲ ಹೆಚ್ಚೆಂದರೆ 220 ಕಿಲೋಮೀಟರ್, ಉದ್ದ ಸುಮಾರು 430. ಆದರೆ ನಡು-ದಕ್ಷಿಣ ಭಾಗದಲ್ಲಿ ಬೆಟ್ಟಗಳ ಗುಂಪೊಂದು ಎದ್ದು ನಿಂತಿದೆ. ಅತಿ ಎತ್ತರದ ಶಿಖರ ಪಿದುರುತಲಾಗಲ, 2524 ಮೀಟರ್. ಮೇ ತಿಂಗಳ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನೈರುತ್ಯದ ಗಾಳಿ ಈ ಬೆಟ್ಟಗಳಿಗೆ ಪಶ್ಚಿಮದಿಂದ ಬಂದು ಬಡಿಯುತ್ತದೆ. ಕೊಲಂಬೊ, ಗಾಲೆ, ರತ್ನಪುರಗಳಲ್ಲಿ ಮಳೆ. ಹೊತ್ತ ನೀರನ್ನೆಲ್ಲ ಸುರಿಸಿದ ಗಾಳಿ ಆಚೆ ಇಳಿಯುವಾಗ ಒಣಗಿ ಬಿಸಿಯಾಗಿರುತ್ತದೆ. ಪೂರ್ವ ತೀರದ ಬಟ್ಟಿಕಲೋವದ ತಮಿಳರು ಅದನ್ನು ಕಚ್ಚಾನ್ ಎನ್ನುತ್ತಾರೆ. ಆಗುಂಬೆಯಲ್ಲಿ ಹೊಸ್ತಿಲು ದಾಟಲಾಗದಷ್ಟು ಮಳೆ ಹೊಯ್ಯುವಾಗ ಚಿತ್ರದುರ್ಗದಲ್ಲಿ ಮೋಡ ನೋಡುತ್ತ ಕೂರುವುದನ್ನು ಬಲ್ಲ ನಮಗೆ ಇದು ಹೊಸದಲ್ಲ. ವ್ಯತ್ಯಾಸವಿಷ್ಟೆ: ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿ ಆಟ ತಿರುಗುಮುರುಗಾಗುತ್ತದೆ. ಗಾಳಿ ಈಶಾನ್ಯದಿಂದ ಬೀಸಿ ಪೂರ್ವಕ್ಕೆ ಮಳೆ, ಪಶ್ಚಿಮಕ್ಕೆ ಬಿಸಿಲು.

ಇದನ್ನು ಸ್ವಂತ ಪಾದಗಳಿಂದ ಕಂಡುಕೊಂಡವನು ರಾಬರ್ಟ್ ನಾಕ್ಸ್ ಎಂಬ ಇಂಗ್ಲಿಷ್ ನಾವಿಕ. 1660ರಲ್ಲಿ ಕ್ಯಾಂಡಿಯ ಅರಸನಿಗೆ ಸೆರೆಸಿಕ್ಕಿ 19 ವರ್ಷ ಅಲ್ಲೇ ಕಳೆದ. ಅವನನ್ನು ಕೋಣೆಯಲ್ಲಿ ಕೂಡಿಹಾಕಿರಲಿಲ್ಲ. ಹಳ್ಳಿಗಳಲ್ಲಿ ಇರಗೊಡಿಸಿದ್ದರು, ಆತ ಸರಕು ಹೊತ್ತು ವ್ಯಾಪಾರವನ್ನೂ ಮಾಡುತ್ತಿದ್ದ. ತಪ್ಪಿಸಿಕೊಂಡು ಹೋಗಿ 1681ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಬೆಟ್ಟವೊಂದರ ಈಚೆ ಮಳೆಯಲ್ಲಿ ತೊಯ್ದು ಆಚೆ ಇಳಿಯುತ್ತಿದ್ದಂತೆ ನೆಲ ಕಾದು ಬರಿಗಾಲಿಡಲಾಗದಂತಿತ್ತು ಎಂದು ಬರೆದಿದ್ದಾನೆ. ಇಂದಿಗೂ ಬದುಳ್ಳ ಕಡೆಗೆ ಹೋಗುವ ರೈಲಿನ ಪ್ರಯಾಣಿಕರು ಪಟ್ಟಿಪೊಲ ಬಳಿಯ ಸುರಂಗದ ಬಗ್ಗೆ ಇದೇ ಮಾತು ಹೇಳುತ್ತಾರೆ. ಒಂದು ಬಾಯಿಯಲ್ಲಿ ಮಂಜು ಮಳೆ, ಇನ್ನೊಂದರಲ್ಲಿ ಬಿಸಿಲು.

ಹಿಂದಿನವರಿಗೆ ಗಾಳಿಯೇ ಪಂಚಾಂಗ. 5ನೇ ಶತಮಾನದ ಆರಂಭದಲ್ಲಿ ಚೀನಾದ ಫಾಹಿಯಾನ್ ಬಂಗಾಳದ ತಾಮ್ರಲಿಪ್ತಿಯಲ್ಲಿ ಹಡಗೇರಿದ್ದು ಚಳಿಗಾಲದ ಗಾಳಿ ಎದ್ದ ಮೇಲೆ. 14 ದಿನಗಳಲ್ಲಿ ಲಂಕೆ ಮುಟ್ಟಿದ. ತ್ರಿಂಕೋಮಲಿ ಬಂದರಿಗಾಗಿ ಯುರೋಪಿನವರು ಕಿತ್ತಾಡಿದ್ದೂ ಗಾಳಿಯ ಕಾರಣಕ್ಕೇ. ಅಕ್ಟೋಬರ್ ಬಂತೆಂದರೆ ಮದರಾಸಿನ ತೆರೆದ ಕಡಲಲ್ಲಿ ಹಡಗು ನಿಲ್ಲುವಂತಿರಲಿಲ್ಲ. ಬೆಟ್ಟಗಳ ಮರೆಯ ತ್ರಿಂಕೋಮಲಿಯಲ್ಲಿ ನಿಲ್ಲಬಹುದಿತ್ತು. 1782ರ ಒಂದೇ ವರ್ಷದಲ್ಲಿ ಅದು ಡಚ್ಚರಿಂದ ಬ್ರಿಟಿಷರಿಗೆ, ಬ್ರಿಟಿಷರಿಂದ ಫ್ರೆಂಚರಿಗೆ ಕೈ ಬದಲಾಯಿತು. ಅದನ್ನು ಗೆದ್ದ ಫ್ರೆಂಚ್ ನೌಕಾಧಿಪತಿ ಸಫ್ರೆನ್, ಅದಕ್ಕೆ ತಿಂಗಳ ಮುಂಚೆಯಷ್ಟೇ ಕಡಲೂರಿನಲ್ಲಿ ನಮ್ಮ ಹೈದರಾಲಿಯನ್ನು ಕಂಡು ಮಾತನಾಡಿದ್ದ.

ಯಾತ್ರೆಗಳೂ ಹೀಗೆಯೇ. 2243 ಮೀಟರ್ ಎತ್ತರದ ಶ್ರೀಪಾದ ಬೆಟ್ಟದ ತುದಿಯ ಹೆಜ್ಜೆ ಗುರುತು ಬೌದ್ಧರಿಗೆ ಬುದ್ಧನದು, ಹಿಂದೂಗಳಿಗೆ ಶಿವನದು, ಮುಸ್ಲಿಮರಿಗೆ ಆದಮನದು. ಡಿಸೆಂಬರ್ ಹುಣ್ಣಿಮೆಯಂದು ಯಾತ್ರೆ ಆರಂಭವಾಗಿ ಮೇ ತಿಂಗಳ ವೈಶಾಖ ಹುಣ್ಣಿಮೆಗೆ ಮುಗಿಯುತ್ತದೆ. ಆಮೇಲೆ ಬೆಟ್ಟ ಕಾಯುವ ಸಮನ್ ದೇವರ ವಿಗ್ರಹವನ್ನೂ ಕೆಳಗಿಳಿಸಿ ಪೆಲ್ಮಡುಲ್ಲದ ವಿಹಾರಕ್ಕೆ ಒಯ್ಯುತ್ತಾರೆ. ಮೆಟ್ಟಿಲುಗಳುದ್ದಕ್ಕೂ ಉರಿಯುವ ದೀಪಗಳಿಲ್ಲ, ಚಹಾ ಅಂಗಡಿಗಳಿಲ್ಲ. ಗಾಳಿ, ಮಂಜು, ಇಂಬಳ. ದೇವರೇ ಇಳಿದುಬರುವ ಕಾಲದಲ್ಲಿ ಹತ್ತಲು ಹೋಗುವ ಪ್ರವಾಸಿಗಳಿದ್ದಾರೆ ಎಂಬುದು ಬೇರೆ ಮಾತು.

ಒಂದು ವಿಚಿತ್ರವನ್ನೂ ಹೇಳಬೇಕು. ಬೌದ್ಧ ಭಿಕ್ಷುಗಳು ಮಳೆಗಾಲದಲ್ಲಿ ಒಂದೆಡೆ ನೆಲೆನಿಲ್ಲುವ ವಸ್ಸಾವಾಸದ ವ್ರತ, ನಮ್ಮ ಚಾತುರ್ಮಾಸ್ಯದಂತೆ, ಉತ್ತರ ಭಾರತದ ಮಳೆಯನ್ನು ನೋಡಿ ರೂಪುಗೊಂಡದ್ದು. ಅದೇ ತಿಂಗಳುಗಳಲ್ಲಿ ಅದು ಲಂಕೆಯಲ್ಲೂ ನಡೆಯುತ್ತದೆ. ಆದರೆ ಹಳೆಯ ರಾಜಧಾನಿ ಅನುರಾಧಪುರದಲ್ಲಿ ಜುಲೈನಿಂದ ಸೆಪ್ಟೆಂಬರ್‌ವರೆಗೆ ಕಡು ಬೇಸಿಗೆ. ಅಲ್ಲಿಯ ಭಿಕ್ಷುಗಳು ಎರಡು ಸಾವಿರ ವರ್ಷಗಳಿಂದ ಬಿಸಿಲಿನಲ್ಲಿ ಮಳೆಗಾಲ ಆಚರಿಸುತ್ತ ಬಂದಿದ್ದಾರೆ.

ಆ ಒಣ ಸೀಮೆಯನ್ನು ಬದುಕಿಸಿದ್ದು ಕೆರೆಗಳು. ಈಶಾನ್ಯದ ಮಳೆಯಲ್ಲಿ ತುಂಬಿಕೊಂಡು ಮುಂದಿನ ಬೆಳೆಗೆ ನೀರುಣಿಸುವಂತೆ ರಾಜರು ಕಟ್ಟಿಸಿದವು. ಸುಮಾರು 17 ಶತಮಾನಗಳ ಹಿಂದೆ ಮಹಾಸೇನ ಕಟ್ಟಿಸಿದ ಮಿನ್ನೇರಿಯ ಕೆರೆ ಆಗಸ್ಟ್ ಹೊತ್ತಿಗೆ ಬತ್ತುತ್ತದೆ. ಅಂಗಳದಲ್ಲಿ ಎಳೆಯ ಹುಲ್ಲು ಚಿಗುರುತ್ತದೆ. ಅದನ್ನು ಮೇಯಲು ಸುತ್ತಲಿನ ಕಾಡಿನಿಂದ ನೂರಾರು ಆನೆಗಳು ಬಂದು ಸೇರುತ್ತವೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಇದನ್ನು ನೋಡಲೆಂದೇ ಜನ ಹೋಗುತ್ತಾರೆ. ಈಚೆಗೆ ಹೊಸ ಜಲಾಶಯದ ನೀರು ಬೇಸಿಗೆಯಲ್ಲೂ ಹರಿದುಬಂದು ಹುಲ್ಲು ಮುಳುಗುತ್ತಿದೆ ಎಂಬ ದೂರು ಇದೆ.

ಎರಡು ಮಳೆಗಾಲಗಳ ಈ ದೇಶದಲ್ಲಿ ಬೆಸ್ತರು ವರ್ಷಕ್ಕೆರಡು ಬಾರಿ ಊರು ಬದಲಾಯಿಸುವುದುಂಟು. ಪಶ್ಚಿಮದ ಕಡಲು ಕೆರಳಿದಾಗ ನೆಗೊಂಬೊ, ಚಿಲಾವ್ ಕಡೆಯವರು ಬಲೆ ದೋಣಿಗಳೊಡನೆ ಪೂರ್ವ ತೀರಕ್ಕೆ ಹೋಗಿ ಗುಡಿಸಲು ಹಾಕುತ್ತಾರೆ. ಗಾಳಿ ತಿರುಗಿದಾಗ ಮರಳುತ್ತಾರೆ. ಹೋಟೆಲುಗಳಿಗೆ ಈ ಉಪಾಯವಿಲ್ಲ. 1960ರ ದಶಕದ ಕೊನೆಯಿಂದ ಬೆಂಟೋಟ, ಹಿಕ್ಕಡುವಗಳಲ್ಲಿ ಎದ್ದ ಹೋಟೆಲುಗಳು ಯುರೋಪಿನ ಚಳಿಗಾಲವನ್ನು ನಂಬಿಕೊಂಡವು. ವರ್ಷದ ಉಳಿದರ್ಧಕ್ಕೆ ಪೂರ್ವ ತೀರ ಇರಬೇಕಿತ್ತು. 1983ರಲ್ಲಿ ಯುದ್ಧ ಆರಂಭವಾಗಿ 2009ರವರೆಗೆ ಆ ತೀರ ಹೊರಗಿನವರಿಗೆ ಬಹುಮಟ್ಟಿಗೆ ಮುಚ್ಚಿಹೋಯಿತು. ನಡುವೆ 2004ರ ಸುನಾಮಿ ಉಳಿದದ್ದನ್ನೂ ಬಳಿದುಕೊಂಡು ಹೋಯಿತು. ಇಪ್ಪತ್ತೈದು ವರ್ಷ ಪ್ರವಾಸೋದ್ಯಮ ಅರ್ಧ ಪಂಚಾಂಗದಲ್ಲಿ ಬದುಕಿತು ಎನ್ನಬೇಕು. ಪಾಸಿಕುಡದಲ್ಲಿ ಹೋಟೆಲುಗಳು ಮತ್ತೆ ತಲೆ ಎತ್ತಿದ್ದು ಯುದ್ಧ ಮುಗಿದ ಮೇಲೆ. ಜಾಫ್ನಾಕ್ಕೆ ರೈಲು ಮರಳಿದ್ದು 2014ರಲ್ಲಿ. ಶ್ರೀಲಂಕಾಕ್ಕೆ ಹೋಗುವುದೆಂದರೆ ಡಿಸೆಂಬರ್‌ನಲ್ಲಿ, ದಕ್ಷಿಣಕ್ಕೆ ಎಂಬ ಅಭ್ಯಾಸ ಏಜೆಂಟರಲ್ಲಿ ಇನ್ನೂ ಉಳಿದಿದೆ. ಜೂನ್‌ನಲ್ಲಿ ಅಗ್ಗದ ಕೋಣೆ ಹುಡುಕುವವರನ್ನೂ ಅವರು ಅಲ್ಲಿಗೇ ಕಳಿಸುತ್ತಾರೆ.

ನಮ್ಮ ರಜೆಗಳಿಗೆ ಇದನ್ನು ಹೊಂದಿಸಿ ನೋಡೋಣ. ಏಪ್ರಿಲ್‌ನಲ್ಲಿ ಎರಡೂ ತೀರ ಹೆಚ್ಚುಕಡಿಮೆ ಶಾಂತ. ಸಂಜೆ ಗುಡುಗಿನ ಮಳೆ ಬರಬಹುದು. ಆದರೆ 13, 14ರ ಆಸುಪಾಸಿನಲ್ಲಿ ಸಿಂಹಳ-ತಮಿಳು ಹೊಸ ವರ್ಷ. ಅಂಗಡಿಗಳು ಮುಚ್ಚಿರುತ್ತವೆ, ಗುಡ್ಡದ ಮೇಲಿನ ನುವರ ಎಲಿಯದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮೇ ಕಳೆಯುವ ಹೊತ್ತಿಗೆ ಪೂರ್ವಕ್ಕೆ ತಿರುಗಿಕೊಳ್ಳಬೇಕು. ತ್ರಿಂಕೋಮಲಿ, ಪಾಸಿಕುಡ, ಅರುಗಂ ಕೊಲ್ಲಿಗಳಿಗೆ ಸೆಪ್ಟೆಂಬರ್‌ವರೆಗೂ ಸುಗ್ಗಿ. ಜಾಫ್ನಾದ ನಲ್ಲೂರು ದೇವಸ್ಥಾನದ 25 ದಿನಗಳ ಉತ್ಸವ, ಕ್ಯಾಂಡಿಯ ದಂತಧಾತುವಿನ ಮೆರವಣಿಗೆ ಎರಡೂ ಜುಲೈ, ಆಗಸ್ಟ್‌ಗೆ ಬೀಳುತ್ತವೆ. ಕ್ರಿಸ್‌ಮಸ್ ರಜೆಗಾದರೆ ಗಾಲೆ ಮತ್ತು ಶ್ರೀಪಾದ.

ತೊಡಕಿರುವುದು ದಸರಾ ರಜೆಯಲ್ಲಿ. ಅಕ್ಟೋಬರ್, ನವೆಂಬರ್‌ನಲ್ಲಿ ಗಾಳಿಗೆ ದಿಕ್ಕಿಲ್ಲ; ಇಡೀ ದ್ವೀಪದಲ್ಲಿ ಮಧ್ಯಾಹ್ನದ ಮೇಲೆ ಮಳೆ. ಕಡಲನ್ನು ಮರೆತು, ಅನುರಾಧಪುರ, ಸಿಗಿರಿಯ, ಪೊಲೊನ್ನರುವಗಳನ್ನು ಬೆಳಗಿನ ಹೊತ್ತು ನೋಡಿ ಮುಗಿಸಬಹುದು. ನವೆಂಬರ್ ಕಳೆಯುವ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ಏಳುವ ಚಂಡಮಾರುತದ ಭಯವೂ ಸೇರುತ್ತದೆ. 1978ರ ನವೆಂಬರ್‌ನಲ್ಲಿ ಬಟ್ಟಿಕಲೋವ ನೆಲಕಚ್ಚಿದ್ದು ಹಾಗೆ. 2025ರ ನವೆಂಬರ್ ಕೊನೆಯಲ್ಲಿ ಡಿಟ್ವಾ ಚಂಡಮಾರುತ ನೂರಾರು ಜನರನ್ನು ಬಲಿ ತೆಗೆದುಕೊಂಡಿತು. ಗುಡ್ಡಗಳು ಜಾರಿ ಬೆಟ್ಟದ ರೈಲು ಮಾರ್ಗ ಹಲವೆಡೆ ಕೊಚ್ಚಿಹೋಯಿತು. ಪಟ್ಟಿಪೊಲದ ಸುರಂಗ ನೋಡುವ ಆಸೆಯಿದ್ದವರು ರೈಲು ಎಲ್ಲಿಂದ ಎಲ್ಲಿಯವರೆಗೆ ಓಡುತ್ತಿದೆ ಎಂದು ವಿಚಾರಿಸಿಕೊಂಡೇ ಟಿಕೆಟ್ ಕೊಳ್ಳುವುದು ಲೇಸು.