"ನಾಯಿಗೆ ಅನ್ನ ಹಾಕಿದಿರಾ?"

ಗಲ್ಫಿಗೆ ಬಂದ ನಮ್ಮಲ್ಲಿ ಅನೇಕರ ಊರಿನ ಮನೆಯಲ್ಲಿ ಈಗ ಉಳಿದಿರುವುದು ವಯಸ್ಸಾದ ತಂದೆ ತಾಯಿ ಮತ್ತು ಒಂದು ನಾಯಿ. ಅಮ್ಮನಿಗೆ ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ, ಇರುವಾಗ ಆ ನಾಯಿ ಸತ್ತರೆ ಏನು ಹೇಳುವುದು?

ಮೊದಲ ಸಲ ನಿಜವನ್ನೇ ಹೇಳೋಣ, ಚಿಕ್ಕ ಮಾತಿನಲ್ಲಿ: "ನಾಯಿ ಸತ್ತುಹೋಯಿತಮ್ಮ." 'ಎಲ್ಲೋ ಹೋಗಿದೆ' ಎಂದರೆ ಹುಡುಕಿಕೊಂಡು ಹೊರಟಾರು. ಅಳು ಬಂದರೆ ಅಳಲಿ. ನೆನಪು ಮಾಸಿದರೂ ದುಃಖ ತಿಳಿಯುತ್ತದೆ.

ಕಷ್ಟವಿರುವುದು ಆಮೇಲೆ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಹೊಸ ನೆನಪು ಮೊದಲು ಅಳಿಯುತ್ತದೆ, ಹಳೆಯದು ಹೆಚ್ಚು ಕಾಲ ನಿಲ್ಲುತ್ತದೆ. ಹಾಗಾಗಿ ಮರುದಿನದ ವಿಡಿಯೊ ಕಾಲ್‌ನಲ್ಲಿ ಮತ್ತೆ ಕೇಳುತ್ತಾರೆ: "ನಾಯಿಗೆ ಅನ್ನ ಹಾಕಿದಿರಾ?" ಪ್ರತಿ ಸಲ "ಸತ್ತಿದೆಯಲ್ಲ" ಎಂದರೆ ಅವರಿಗೆ ಪ್ರತಿ ಸಲವೂ ಅದು ಹೊಸ ಸಾವು. ತಿದ್ದುವ ಬದಲು, "ಅದಕ್ಕೆ ಮೀನಿನ ಸಾರಿನ ಅನ್ನ ಎಷ್ಟು ಇಷ್ಟ ಅಲ್ವಾ ಅಮ್ಮ?" ಎಂದು ಅದರ ಮಾತನ್ನೇ ತೆಗೆಯೋಣ. 'ಸತ್ತಿತಾ?' ಎಂದು ಅವರೇ ಕೇಳಿದರೆ ಹೌದೆನ್ನೋಣ. ಮನೆಯವರೆಲ್ಲರ ಉತ್ತರ ಒಂದೇ ಇರಲಿ.

ನಾಯಿಯ ತಟ್ಟೆ ಕಂಡು ಕಳವಳವಾದರೆ ಒಳಗಿಡಲಿ. ಸಮಾಧಾನವಾದರೆ ಅಲ್ಲೇ ಇರಲಿ. ಅನ್ನ ಹಾಕುತ್ತಿದ್ದ ಹೊತ್ತಿಗೆ ಹಕ್ಕಿಗಳಿಗೆ ಕಾಳು ಹಾಕುವ ಕೆಲಸ ಕೊಡಬಹುದು. ಊಟ ಬಿಟ್ಟರೆ, ರಾತ್ರಿ ನಿದ್ದೆಯಿಲ್ಲದೆ ಓಡಾಡಿದರೆ ವೈದ್ಯರಿಗೆ ತೋರಿಸಬೇಕು. ನೋಡಿಕೊಳ್ಳುವವರು ಸೋತರೆ, ಊರಿನಿಂದ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ನಾಯಿ ಸತ್ತಿತೆಂದು ನಮಗೆ ರಜೆ ಸಿಗುವುದಿಲ್ಲ. ರಜೆಗೆ ಹೋದಾಗ ಗೇಟಿನ ಬಳಿ ಮೊದಲು ಓಡಿಬರುತ್ತಿದ್ದದ್ದು ಅದೇ. ಆ ಸಂಕಟವನ್ನು ರೂಮಿನವರೊಡನೆ ಹೇಳಿಕೊಳ್ಳಲು ನಾಚಿಕೆ ಬೇಡ.